ರಾಜಕಾರಣಿಯ ಪೋಸ್ಟ್ ಓದುವಾಗ ಮೊದಲು ಹೆಸರು ಮುಚ್ಚಿ

ನಾನು ತಿಪಟೂರಿನಲ್ಲಿ ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುವವಳು. ರಾಜಕಾರಣಿಗಳ ಎಕ್ಸ್, ಫೇಸ್‌ಬುಕ್ ಪೋಸ್ಟ್‌ಗಳ ಪ್ರಿಂಟ್ ತೆಗೆದು ತರಗತಿಗೆ ಒಯ್ಯುತ್ತೇನೆ; ಟೀಕೆ ಎಷ್ಟು ಸಭ್ಯವಾಗಿದೆ ಅಂತ ನೋಡಿ ಅಂಕ ಹಾಕುವುದು ನಮ್ಮ ಕೆಲಸ. ಹೆಸರು, ಫೋಟೊ, ಪಕ್ಷದ ಚಿಹ್ನೆ ಎಲ್ಲದರ ಮೇಲೂ ಕಾಗದ ಅಂಟಿಸಿರುತ್ತೇನೆ. ಬರೆದವರು ಯಾರು ಅಂತ ಗೊತ್ತಾದರೆ ತೀರ್ಪು ಮೊದಲೇ ರೆಡಿ ಇರುತ್ತದೆ, ಅಲ್ವಾ? ಮೊಬೈಲ್‌ನಲ್ಲಾದರೆ ಹೆಬ್ಬೆರಳು ಅಡ್ಡ ಇಟ್ಟುಕೊಂಡರೂ ಸಾಕು.

ಸಭ್ಯತೆ ಅಳೆಯೋಕೆ ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆಯನ್ನೇ ಹಿಡಿಯಿರಿ. ಟೀಕೆ ಎದುರಾಳಿಯ ನೀತಿ, ಕಾರ್ಯಕ್ರಮ, ಹಿಂದೆ ಮಾಡಿದ ಕೆಲಸದ ಮೇಲಿರಬೇಕು. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಖಾಸಗಿ ಬದುಕನ್ನು ಎಳೆಯಬಾರದು. ಖಾತ್ರಿಯಿಲ್ಲದ ಆರೋಪ, ತಿರುಚಿದ ಮಾತು ಬೇಡ. ಜಾತಿ, ಧರ್ಮಗಳ ನಡುವೆ ದ್ವೇಷ ಹುಟ್ಟಿಸಬಾರದು. ಇದು ಜಾರಿಯಾಗುವುದು ಚುನಾವಣೆ ಘೋಷಣೆಯಾದ ಮೇಲೆ. ನಾವು ವರ್ಷವಿಡೀ ಬಳಸಿದರೆ ಬೇಡ ಅನ್ನುವವರು ಯಾರು?

ಈಗ ಕೆಂಪು ಪೆನ್ನು ತೆಗೆದುಕೊಳ್ಳಿ. ಮಕ್ಕಳಿಗೆಂದು ನಾನೇ ಕಟ್ಟಿದ ಒಂದು ಪೋಸ್ಟ್ ನೋಡಿ: “ಕೆರೆ ನುಂಗಿದ ಕಳ್ಳ, ಅಪ್ಪನ ಹೆಸರಲ್ಲಿ ಗೆದ್ದ ಪೆದ್ದ. ಹೂಳೆತ್ತುವ ಟೆಂಡರ್ ಪ್ರತಿ ಸಲ ಒಂದೇ ಕಂಪನಿಗೆ ಹೋಗಿದ್ದು ಹೇಗೆ? ಇವನ ಜನಕ್ಕೆ ಬುದ್ಧಿ ಬರೋದೇ ಇಲ್ಲ.”

“ಪೆದ್ದ” ಸುಮ್ನೆ ಬೈಗುಳ, ಹೊಡೆದು ಹಾಕಿ. “ಕಳ್ಳ” ಅನ್ನಬೇಕಾದರೆ ಕೈಯಲ್ಲಿ ಪುರಾವೆ ಬೇಕು. ಇಲ್ಲಿ ಇಲ್ಲ, ಅದೂ ಹೋಗಲಿ. “ಅಪ್ಪನ ಹೆಸರಲ್ಲಿ” ಅನ್ನೋದು ಖಾಸಗಿ ವಿಷಯವಾ? ತರಗತಿಯಲ್ಲಿ ಇದರ ಮೇಲೆ ಜಗಳವೇ ಆಗುತ್ತದೆ. ಟಿಕೆಟ್ ಮನೆತನದ ಮೇಲೆ ಸಿಗುವ ಕಡೆ ಅದು ಸಾರ್ವಜನಿಕ ವಿಷಯವೇ ಎಂದು ನಾನು ಬಿಟ್ಟುಬಿಡುತ್ತೇನೆ. ಟೆಂಡರ್ ಪ್ರಶ್ನೆ ಮಾತ್ರ ಅಪ್ಪಟ ಟೀಕೆ. ಅದಕ್ಕೆ ಉತ್ತರ ಬರಲೇಬೇಕು. ಮಕ್ಕಳು ಜಾಸ್ತಿ ಗಮನಿಸದ್ದು ಕೊನೆಯ ಸಾಲು. ಅದರಲ್ಲಿ ಕೆಟ್ಟ ಪದ ಒಂದೂ ಇಲ್ಲ, ಆದರೆ ಒಬ್ಬನ ಮೇಲಿದ್ದ ಸಿಟ್ಟು ಇಡೀ ಸಮುದಾಯದ ಮೇಲೆ ತಿರುಗಿದೆ. ನನ್ನ ಲೆಕ್ಕದಲ್ಲಿ ಇಡೀ ಪೋಸ್ಟ್‌ನಲ್ಲಿ ಅತಿ ಕೆಟ್ಟದ್ದು ಅದೇ.

ಹಾಗಾಗಿ ದನಿ ನೋಡಿ ಮೋಸ ಹೋಗಬೇಡಿ. “ನೀವು ಹೇಳಿದ್ದು ಸುಳ್ಳು, ಸರ್ಕಾರದ ಆದೇಶ ಇಲ್ಲಿದೆ ನೋಡಿ” ಅನ್ನುವುದು ಖಾರವಾಗಿದ್ದರೂ ಸಭ್ಯ. “ಮಾನ್ಯರೇ, ನಿಮ್ಮವರ ಗುಣ ನಮಗೆ ಗೊತ್ತಿಲ್ಲವೇ?” ಅನ್ನುವುದು ಎಷ್ಟು ನಯವಾಗಿದ್ದರೂ ಫೇಲ್. ಏಕವಚನಕ್ಕೆ ನಾನು ಹೆಚ್ಚು ಅಂಕ ಕಳೆಯುವುದಿಲ್ಲ. ಟಿವಿಯವರು ಅದರ ಮೇಲೇ ಇಡೀ ಸಂಜೆ ಕಳೆಯುತ್ತಾರೆ, ಅವರ ಕಷ್ಟ ಅವರಿಗೆ.

ತುಂಡು ವಿಡಿಯೊ ಇದ್ದರೆ ಪೂರ್ತಿ ಭಾಷಣ ಹುಡುಕಿ. ಸಿಗದಿದ್ದರೆ ಅಂಕ ಕೊಡಲೇಬೇಡಿ.

ಸಭ್ಯವಲ್ಲದ್ದೆಲ್ಲ ಅಪರಾಧವಲ್ಲ ಅನ್ನುವುದೂ ನೆನಪಿರಲಿ. ಆನ್‌ಲೈನ್‌ನಲ್ಲಿ ಕಿರಿಕಿರಿ ಮಾಡಿದರೂ ಜೈಲು ಎನ್ನುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು. ಪೊಲೀಸ್ ದೂರಿನ ಮಾತು ಬೇರೆ, ನಮ್ಮ ಮೌಲ್ಯಮಾಪನ ಬೇರೆ.

ಗಲಾಟೆಯಾದ ಮೇಲೆ “ಅದು ನನ್ನ ಅಡ್ಮಿನ್ ಹಾಕಿದ್ದು” ಎಂಬ ಸಮಜಾಯಿಷಿ ಬರುತ್ತದೆ. ಒಪ್ಪಬೇಡಿ. ಅಭ್ಯರ್ಥಿಗಳು ತಮ್ಮ ಸೋಷಿಯಲ್ ಮೀಡಿಯಾ ಖಾತೆಗಳನ್ನು ನಾಮಪತ್ರದ ಜೊತೆ ಕೊಡುವ ಫಾರಂ 26ರ ಅಫಿಡವಿಟ್‌ನಲ್ಲಿ ತಿಳಿಸಬೇಕು ಎಂದು ಆಯೋಗ 2013ರಲ್ಲೇ ಹೇಳಿದೆ. ಖಾತೆ ಅಲ್ಲಿ ನಮೂದಾಗಿದ್ದರೆ, ಟೈಪ್ ಮಾಡಿದ ಬೆರಳು ಯಾರದಾದರೂ ಅಂಕ ಕಳೆಯುವುದು ಸಾಹೇಬರ ಹೆಸರಲ್ಲೇ.