ಮಲೆನಾಡಲ್ಲಿ ಕ್ಯಾಂಪರ್ ವ್ಯಾನಿನ ಟೈರು: ತೂಕ ಮೊದಲು, ಬಟನ್ ಆಮೇಲೆ

ಮಲಗೋ ಮಂಚ, ಅಡುಗೆ ಕಟ್ಟೆ, ನೀರಿನ ಟ್ಯಾಂಕು ಕೂರಿಸಿದ ವ್ಯಾನು ಖಾಲಿ ಇರೋದೇ ಇಲ್ಲ. ವರ್ಷಪೂರ್ತಿ ಲೋಡಲ್ಲೇ ನಿಂತಿರುತ್ತೆ. ಹಾಗಾಗಿ ಟೈರ್ ಅಂಗಡಿಗೆ ಹೋಗೋ ಮೊದಲು ನಾನು ಹೋಗಿದ್ದು ಶಿವಮೊಗ್ಗದ ವೇಬ್ರಿಜ್‌ಗೆ. ನೀರು, ಡೀಸೆಲ್, ಗ್ಯಾಸ್ ಸಿಲಿಂಡರ್ ಎಲ್ಲಾ ತುಂಬಿಸಿ, ಹಿಂದಿನ ಆಕ್ಸಲ್ ಒಂದನ್ನೇ ತೂಗಿಸಿದಾಗ 1960 ಕೆಜಿ ಬಂತು. ಹಳೇ ಟೈರಿನ ಲೋಡ್ ಇಂಡೆಕ್ಸ್ (ಎಷ್ಟು ಭಾರ ಹೊರಬಲ್ಲದು ಅಂತ ಹೇಳೋ ಸಂಖ್ಯೆ) 109, ಅಂದರೆ ಒಂದಕ್ಕೆ 1030 ಕೆಜಿ. ಎರಡಕ್ಕೆ 2060, ಸಾಕಲ್ಲ ಅನಿಸುತ್ತೆ. ಆದರೆ ಒಂದೊಂದೇ ಚಕ್ರ ತೂಗಿದಾಗ ಎಡಕ್ಕೆ 1040, ಬಲಕ್ಕೆ 920. ಅಡುಗೆ ಕಟ್ಟೆ, 100 ಲೀಟರ್ ಟ್ಯಾಂಕು ಎರಡೂ ಎಡಗಡೆಯೇ ಇದ್ದವು. ಟ್ಯಾಂಕನ್ನು ಬಲಕ್ಕೆ ಸರಿಸಿ, 113 ಇಂಡೆಕ್ಸಿನ (1150 ಕೆಜಿ) ಟೈರ್ ಹಾಕಿಸಿದೆ. ಡಿಸ್ಕಿನ (ಟೈರ್ ಕೂರೋ ಲೋಹದ ಚಕ್ರ) ಮೇಲೂ ಭಾರದ ಮಿತಿ ಇರುತ್ತೆ, ಅದನ್ನೂ ನೋಡಿಕೊಳ್ಳಬೇಕು. ಅಲಾಯ್ ನನಗೆ ಬೇಡ. ಗುಂಡಿಗೆ ಬಿದ್ದರೆ ಕಬ್ಬಿಣದ ಡಿಸ್ಕು ಸೊಟ್ಟಗಾಗುತ್ತೆ, ಅಲಾಯ್ ಸೀಳುತ್ತೆ.

ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗೋ ಸಾಲಿನ ಕೊನೇ ನಾಲ್ಕು ಅಂಕಿ ಓದಿ. 2324 ಅಂತಿದ್ದರೆ 2024ರ 23ನೇ ವಾರ ತಯಾರಾದದ್ದು. ಒಂದು ವರ್ಷಕ್ಕಿಂತ ಹಳೇದಿದ್ದರೆ ನಾನು ವಾಪಸ್ ಕೊಡ್ತೀನಿ.

ಗಾಳಿ ಹಿಂದೆ 65 ಪಿಎಸ್‌ಐ, ಮುಂದೆ 55. ಇದು ನನ್ನ ತೂಕಕ್ಕೆ. ನಿಮ್ಮದಕ್ಕೆ ಟೈರ್ ಕಂಪನಿಯ ಪಟ್ಟಿ ನೋಡಬೇಕು. ಮಾಮೂಲಿ ರಬ್ಬರ್ ವಾಲ್ವಿನ ಮಿತಿಯೇ ಸುಮಾರು 65, ಅದಕ್ಕೆ ನಟ್ ಹಾಕಿ ಬಿಗಿಯುವ ಲೋಹದ ವಾಲ್ವೇ ಹಾಕಿಸಿದ್ದೀನಿ. ಬೆಳಿಗ್ಗೆ ಗಾಡಿ ಹೊರಡುವ ಮೊದಲೇ ಗಾಳಿ ನೋಡಿ. ಆಗುಂಬೆಯ 14 ತಿರುವು ಇಳಿದು ಸೋಮೇಶ್ವರ ಮುಟ್ಟುವಾಗ ಬ್ರೇಕಿನ ಕಾವು ಡಿಸ್ಕಿಗೂ ಏರಿ ಗಾಳಿ ಹೆಚ್ಚು ತೋರಿಸುತ್ತೆ. ಆಗ ಗಾಳಿ ಬಿಡಲೇಬೇಡಿ. ಬಿಟ್ಟರೆ ತಣಿದ ಮೇಲೆ ಕಮ್ಮಿಯಾಗಿ, ಮುಂದಿನ ಓಟದಲ್ಲಿ ಟೈರಿನ ಪಕ್ಕ ಮಡಚಿ ಮಡಚಿ ಕಾಯುತ್ತೆ. ಟೈರ್ ಸಿಡಿಯೋದು ಹೆಚ್ಚಾಗಿ ಹೀಗೇ.

ಕಾನೂನಿನ ಪ್ರಕಾರ ಬಟನ್, ಅಂದರೆ ಟೈರಿನ ಮೇಲ್ಮೈಯ ಅಚ್ಚು, 1.6 ಮಿಮೀ ಆಳ ಇದ್ದರೆ ಸಾಕು. ಆಗುಂಬೆ, ಹುಲಿಕಲ್ ಘಾಟಿಯ ಮಳೆಗೆ ಸಾಲಲ್ಲ, 3 ಮಿಮೀಗೇ ಬದಲಿಸ್ತೀನಿ. ಆದರೆ ಇಂಥ ಗಾಡಿಯ ಟೈರು ಸವೆದು ಹೋಗೋದಕ್ಕಿಂತ ನಿಂತು ಹಾಳಾಗೋದೇ ಜಾಸ್ತಿ. ಬಟನ್ ಹೊಸದರ ಹಾಗಿದ್ದರೂ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಉಗುರಿಂದ ಒತ್ತಿ ನೋಡಿ. ಉಗುರು ಸಿಕ್ಕಿಕೊಂಡರೆ ತೆಗೆಸಿಬಿಡಿ. ಬಿರುಕಿಲ್ಲದಿದ್ದರೂ ಆರು ವರ್ಷ ನನ್ನ ಗಡುವು, ಸ್ಟೆಪ್ನಿಗೂ ಅದೇ.

ಮಳೆಗಾಲ ಪೂರ್ತಿ ನಿಲ್ಲಿಸುವಾಗ ನೀರಿನ ಟ್ಯಾಂಕು ಖಾಲಿ ಮಾಡಿ, ಟೈರಿಗಿಂತ ಅಗಲದ ಹಲಗೆ ಮೇಲೆ ನಿಲ್ಲಿಸ್ತೀನಿ. ಎರಡು ವಾರಕ್ಕೊಮ್ಮೆ ಚಕ್ರ ಅರ್ಧ ಸುತ್ತು ಉರುಳಬೇಕು, ಇಲ್ಲದಿದ್ದರೆ ಒಂದೇ ಕಡೆ ಚಪ್ಪಟೆಯಾಗುತ್ತೆ. ಡಿಸ್ಕಿನ ಅಂಚಲ್ಲಿ ತುಕ್ಕು ಹಿಡಿದರೆ ವಾರಕ್ಕೆ ಮೂರ್ನಾಲ್ಕು ಪಿಎಸ್‌ಐ ಇಳಿಯುತ್ತೆ, ಪಂಕ್ಚರ್ ಮಾತ್ರ ಎಲ್ಲೂ ಸಿಗಲ್ಲ. ಟೈರ್ ಬಿಚ್ಚಿಸಿ, ತಂತಿ ಬ್ರಷ್ಷಲ್ಲಿ ಉಜ್ಜಿ, ಪ್ರೈಮರ್ ಬಳಿಸಬೇಕು.

ಇನ್ನು ಕೆಮ್ಮಣ್ಣು. ತೋಟದ ದಾರಿಯ ಕೆಸರು ಡಿಸ್ಕಿನ ಒಳಮೈಗೆ ಮೆತ್ತಿ ಒಣಗಿದರೆ 70ರ ವೇಗದಲ್ಲಿ ಸ್ಟೇರಿಂಗ್ ನಡುಗುತ್ತೆ. ಬ್ಯಾಲೆನ್ಸಿಂಗಿಗೆ ದುಡ್ಡು ಕೊಡೋ ಮೊದಲು ಒಳಗಡೆ ಪೈಪ್ ಹಿಡಿದು ತೊಳೆಯಿರಿ. ಚಕ್ರ ಬಿಚ್ಚಿ ಹಾಕಿದಾಗ ನಟ್ಟುಗಳನ್ನು ಎದುರು-ಬದುರಾಗಿ ಬಿಗಿದು, 50 ಕಿಲೋಮೀಟರ್ ಓಡಿಸಿದ ಮೇಲೆ ಬಿಗಿತ ಅಳೆಯೋ ಟಾರ್ಕ್ ಪಾನಾದಲ್ಲಿ ಇನ್ನೊಮ್ಮೆ ನೋಡಬೇಕು.