ಗೆಳೆಯ ಎಣಿಸಿಟ್ಟಿದ್ದ ದನ

ಹಾಸನದಲ್ಲಿ ಹನ್ನೊಂದು ವರ್ಷ ರಿಪೋರ್ಟರ್ ಆಗಿದ್ದೆ, ಸಾಕಾಗಿ ಬಿಟ್ಟು ಆಲೂರು ಕಡೆ ಅಪ್ಪನ ತೋಟ ನೋಡ್ಕೊಂಡಿದ್ದೆ. 2024ರ ಫೆಬ್ರವರೀಲಿ ಮೆಣಸು ಕೊಯ್ಸ್ತಾ ಇದ್ದಾಗ ಫೋನ್ ಬಂತು, ಗೆಳೆಯ ಹೇಮಾವತಿ ಹಿನ್ನೀರಲ್ಲಿ ಹೆಣವಾಗಿ ಸಿಕ್ಕಿದಾನೆ ಅಂತ. ಹೆಸರು ಹಾಕಲ್ಲ, ಕೇಸಿನ್ನೂ ಕೋರ್ಟಲ್ಲಿದೆ.

ಸಾವಿನ ಮನೇಲೇ ಗುಸುಗುಸು ಶುರುವಾಗಿತ್ತು, ಒಬ್ಬ ಲೀಡರ್ ಕಡೆಯೋರೇ ಮುಗ್ಸಿದ್ದು ಅಂತ. ನಾನೂ ನಂಬಿದೆ. ಯಾಕಂದ್ರೆ ಅವ್ನು ಊರಿನ ಗೋಮಾಳದ ಹಿಂದೆ ಬಿದ್ದಿದ್ದ. ರೂಲ್ ಪ್ರಕಾರ 100 ಜಾನುವಾರಿಗೆ 30 ಎಕರೆ ಗೋಮಾಳ ಉಳಿಸ್ಬೇಕು, ಅದಕ್ಕಿಂತ ಜಾಸ್ತಿ ಇದ್ರೆ ಮಾತ್ರ ಬಗರ್ ಹುಕುಂನಲ್ಲಿ, ಅಂದ್ರೆ ಸರ್ಕಾರಿ ಜಮೀನು ಉಳ್ತಿರೋರಿಗೆ ಸಕ್ರಮ ಮಾಡೋದ್ರಲ್ಲಿ ಮಂಜೂರು, ಆ ಮಂಜೂರಾತಿ ಸಮಿತಿಗೆ ಶಾಸಕರೇ ಅಧ್ಯಕ್ಷರು. ಅಂದ್ರೆ ಜಮೀನು ಹೊಡೆಯೋಕೆ ಬೇಲಿ ಹಾಕೋದೂ ಬೇಡ, ಕಾಗದದಲ್ಲಿ ದನ ಕಮ್ಮಿ ತೋರ್ಸಿದ್ರೆ ಮುಗೀತು. ಇವ್ನು ಮನೆಮನೆ ಕೊಟ್ಟಿಗೆ ನೋಡಿ ಎಣಿಸಿದ್ದ, 214. ಕಚೇರಿ ಲೆಕ್ಕ ಎಷ್ಟು ಅಂತ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿದ್ದ.

ನಾನು ಮೊದ್ಲು ಮಾಡಿದ ಕೆಲ್ಸ ಒಂದು ಉದ್ದ ನೋಟ್‌ಬುಕ್ ತಗೊಂಡು ಮಧ್ಯ ಗೆರೆ ಎಳೆದಿದ್ದು. ಎಡಕ್ಕೆ ಕಾಗದದಲ್ಲಿ ಇರೋದು, ಬಲಕ್ಕೆ ಜನ ಹೇಳಿದ್ದು. ಒಂದೇ ವಾರದಲ್ಲಿ ಬಲಗಡೆ ಆರು ಪುಟ ತುಂಬ್ತು, ಎಡಗಡೆ ನಾಲ್ಕು ಸಾಲು. ರಿಪೋರ್ಟರ್ ಆಗಿದ್ರೆ ಆ ಆರು ಪುಟದಲ್ಲೇ ಮೂರು ದಿನ ಸ್ಟೋರಿ ಓಡಿಸ್ತಿದ್ದೆ, ಸುಳ್ ಯಾಕ್ ಹೇಳ್ಲಿ.

ಪೊಲೀಸ್ರ ಹತ್ರ ಯುಡಿಆರ್, ಅಂದ್ರೆ ಅಸಹಜ ಸಾವು ಅಂತ ದಾಖಲಾಗಿತ್ತು, ಆ ಕಾಲದ ಕ್ರಿಮಿನಲ್ ಪ್ರಕ್ರಿಯೆ ಕಾನೂನು ಸಿಆರ್‌ಪಿಸಿಯ ಸೆಕ್ಷನ್ 174, ಅದರ ಜಾಗಕ್ಕೆ ಬಂದಿರೋ ಬಿಎನ್‌ಎಸ್‌ಎಸ್‌ನಲ್ಲಿ ಈಗ 194. ಅದರ ಕಾಪಿ, ಮಹಜರು, ಪೋಸ್ಟ್‌ಮಾರ್ಟಂ ರಿಪೋರ್ಟ್ ಎಲ್ಲಾನೂ ಅವ್ನ ಹೆಂಡತಿ ಕೈಲೇ ಅರ್ಜಿ ಹಾಕ್ಸಿದೆ, ನಾನು ಹೋಗಿ ಕೇಳಿದ್ರೆ "ನೀವ್ಯಾರ್ರೀ" ಅಂತಾರೆ, ಹೆಂಡತಿಗೆ ಹಂಗೆ ಅನ್ನೋಕಾಗಲ್ಲ. ಮಹಜರಿಗೆ ಸಾಕ್ಷಿ ಹಾಕಿದ್ದ ಪಂಚರಲ್ಲಿ ಒಬ್ರು ಟೀ ಕುಡೀತಾ ಹೇಳಿದ್ರು, ನಾನು ನೀರಿನ್ ಹತ್ರ ಹೋಗೇ ಇಲ್ಲ ಕಣಪ್ಪ, ಸ್ಟೇಷನ್ನಲ್ಲೇ ಹೆಬ್ಬೆಟ್ಟು ಒತ್ತಿದ್ದು ಅಂತ. ನಂಗೆ ಕೈ ನಡುಗೋಕೆ ಶುರುವಾಯ್ತು, ಆದ್ರೂ ಬಲಗಡೆನೇ ಬರೆದೆ. ಅವ್ರು ಅಫಿಡವಿಟ್ ಕೊಟ್ಟ ದಿನ ಎಡಕ್ಕೆ ತಂದೆ.

ಒಂದು ಕಡೆ ಸೋತೆ. ದಾರೀಲಿದ್ದ ಪೆಟ್ರೋಲ್ ಬಂಕ್ ಸಿಸಿಟಿವಿ ಕೇಳೋಕೆ ಹೋಗಿದ್ದು ತಿಥಿ ಎಲ್ಲಾ ಮುಗಿದು ತಿಂಗಳಾದ್ಮೇಲೆ, ಅಷ್ಟರಲ್ಲಿ ಹಳೇದರ ಮೇಲೆ ಹೊಸದು ರೆಕಾರ್ಡ್ ಆಗೋಗಿತ್ತು. ಮೊದಲ ದಿನಾನೇ ಓಡ್ಬೇಕಿತ್ತು, ಅತ್ಕೊಂಡು ಕೂತಿದ್ದೆ. ಫೋನ್ ಕಂಪನಿಯೋರು ಕಾಲ್ ಡೀಟೇಲ್ಸ್ ಎರಡು ವರ್ಷ ಇಟ್ಕೋಬೇಕು ಅನ್ನೋದೊಂದೇ ಸಮಾಧಾನ, ಅದೂ ಪೊಲೀಸ್ರೋ ಕೋರ್ಟೋ ಕೇಳಿದ್ರೆ ಮಾತ್ರ ಕೊಡೋದು.

ಎಫ್‌ಎಸ್‌ಎಲ್, ಅಂದ್ರೆ ವಿಧಿವಿಜ್ಞಾನ ಲ್ಯಾಬ್ ರಿಪೋರ್ಟ್ ಬರೋಕೆ ತಿಂಗಳುಗಟ್ಲೆ ಆಯ್ತು. ಮೂಳೆ ಮಜ್ಜೇಲಿ ಡಯಾಟಮ್ ಸಿಕ್ಕಿದೆ ಅಂತಿತ್ತು. ಅದು ಕೆರೆ, ಹೊಳೆ ನೀರಲ್ಲಿರೋ ಕಣ್ಣಿಗೆ ಕಾಣದ ಪಾಚಿ, ಉಸಿರಾಡ್ತಾ ಮುಳುಗಿದ್ರೆ ರಕ್ತದ ಜೊತೆ ಮೂಳೆ ತನಕ ಹೋಗುತ್ತೆ. ಅಂದ್ರೆ ಕೊಂದು ಎಸೆದ್ರು ಅಂತ ಇಡೀ ಊರು ಹೇಳ್ತಿದ್ದ ಕತೆ ಅಲ್ಲಿಗೆ ಬಿತ್ತು. ನೀರಿಗೆ ಬೀಳುವಾಗ ಜೀವ ಇತ್ತು, ಆದ್ರೆ ಬಿದ್ನೋ ತಳ್ಳಿದ್ರೋ ಪಾಚಿ ಹೇಳಲ್ಲವಲ್ಲ. ಇದನ್ನ ಅವ್ನ ತಮ್ಮನಿಗೆ ಹೇಳಿದಾಗ "ನೀನೂ ಅವ್ರ ಕಡೆ ಸೇರ್ಕೊಂಡ್ಯಾ ಅಣ್ಣ" ಅಂದ. ಇವತ್ತಿಗೂ ಸರಿಯಾಗಿ ಮಾತಾಡ್ಸಲ್ಲ.

ಎಸ್‌ಪಿಗೆ ರಿಜಿಸ್ಟರ್ ಪೋಸ್ಟಲ್ಲಿ ದೂರು ಕೊಟ್ವಿ, ಏನೂ ಆಗ್ಲಿಲ್ಲ. ಆಮೇಲೆ ತನಿಖೆಗೆ ಆದೇಶ ಮಾಡಿ ಅಂತ ಬಿಎನ್‌ಎಸ್‌ಎಸ್ 175(3)ರಲ್ಲಿ ಮ್ಯಾಜಿಸ್ಟ್ರೇಟ್ ಮುಂದೆ ಹೋದ್ವಿ. ಲಾಯರ್ ಎಡಗಡೆ ಪುಟ ಮಾತ್ರ ಓದಿದ್ರು. ಕೊಲೆ ಅಂತ ಅರ್ಜೀಲಿ ಎಲ್ಲೂ ಬರೀಲಿಲ್ಲ, ಮಹಜರು ಸುಳ್ಳು, ಸರಿಯಾಗಿ ತನಿಖೆ ಆಗ್ಲಿ, ಕಾಲ್ ಡೀಟೇಲ್ಸ್ ತರಿಸಿ ಅಂತಷ್ಟೇ.

ಆ ಆರ್‌ಟಿಐ ಉತ್ತರ? ಬಂದಿತ್ತು. ಅವ್ನು ಸತ್ತು ಮೂರು ವಾರಕ್ಕೆ, ಅವ್ನ ಹೆಸರಿಗೇ ಲಕೋಟೆ. ಜಾನುವಾರು ಸಂಖ್ಯೆ 62 ಅಂತ. 214ಕ್ಕೂ 62ಕ್ಕೂ ಇರೋ ವ್ಯತ್ಯಾಸ ಹಾಕಿ ನೋಡಿ, ಸುಮಾರು 46 ಎಕರೆ. ಸಾವಿಗೂ ಇದಕ್ಕೂ ಸಂಬಂಧ ಇದೆ ಅನ್ನೋಕೆ ನನ್ನ ಹತ್ರ ಒಂದು ಚೀಟಿನೂ ಇಲ್ಲ, ಆದ್ರೆ ಜಮೀನಿನ ಮೋಸ ಮಾತ್ರ ಎಡಗಡೆ ಪುಟದ್ದು. ಅದಕ್ಕೆ ಬೇರೆ ದೂರು ಕೊಡೋಣ ಅಂತ ಅವ್ನ ಪುಸ್ತಕ ಹಿಡ್ಕೊಂಡು ಮತ್ತೆ ಮನೆಮನೆ ಹೋದೆ. ಕೆಲವು ಸತ್ತಿದ್ವು, ಕೆಲವು ಮಾರಿದ್ರು, 187 ಸಿಕ್ತು. ಕೊನೇಗೆ ಗೆಳೆಯನ ಮನೆ. ಪುಸ್ತಕದಲ್ಲಿ ಹುಡುಕ್ತೀನಿ, ಅವ್ರ ಮನೆ ಹೆಸರೇ ಇಲ್ಲ.

"ನಮ್ಮದನ್ನ ಎಣಿಸೇ ಇಲ್ವಾ ಅಣ್ಣ ಅವ್ರು?" ಅಂದ್ಲು ಅವ್ನ ಹೆಂಡತಿ.

ಎರಡು ಹಸು, ಒಂದು ಕರು. ಬರ್ಕೊಂಡೆ.