ತೋಳದ ಪ್ರಭಾವವನ್ನು ಗಿಡದ ಕುಡಿಯಿಂದ ಅಳೆಯುವುದು: ನನ್ನ ಅನುಭವ

ತೋಳ ಬಂತು, ಜಿಂಕೆ ಕಡಿಮೆಯಾಯಿತು, ಗಿಡ ಎದ್ದಿತು. ಕೇಳಲು ಸರಳ. ಆದರೆ ಇದನ್ನು ಕಾಡಿನಲ್ಲಿ ತೋರಿಸಿಕೊಡಲು ಹೊರಟರೆ ಈ ಮೂರು ಮಾತಿಗೂ ಬೇರೆ ಬೇರೆ ಅಳತೆ ಬೇಕು. ನಾನು ಯಾವಾಗಲೂ ಗಿಡದಿಂದ ಶುರು ಮಾಡುತ್ತೇನೆ. ತೋಳ ಕಣ್ಣಿಗೆ ಬೀಳುವುದು ಅಪರೂಪ. ಗಿಡ ನಿಂತಲ್ಲೇ ಇರುತ್ತದೆ, ಹಿಂದಿನ ಕೆಲವು ವರ್ಷಗಳ ಮೇವಿನ ಲೆಕ್ಕವೂ ಅದರ ಕಾಂಡದಲ್ಲೇ ಸಿಗುತ್ತದೆ.

ಎಳೆ ಗಿಡಗಳಿರುವ ಕಡೆ 30 ಮೀಟರ್ ಟೇಪು ಹಾಸಿ, ಪ್ರತಿ ಮೀಟರಿಗೆ ಹತ್ತಿರದ ಒಂದು ಕಾಂಡಕ್ಕೆ ನಂಬರ್ ತಗಡು ಕಟ್ಟುತ್ತೇವೆ. ತಂತಿ ಸಡಿಲವಾಗಿರಲಿ, ಬಿಗಿದರೆ ಕಾಂಡ ದಪ್ಪವಾದಂತೆ ತೊಗಟೆಯೊಳಗೆ ಇಳಿದು ಗಿಡವನ್ನೇ ಕೊಲ್ಲುತ್ತದೆ. ಯಾವ ಕಾಂಡ ಎಂಬುದನ್ನು ಟೇಪು ತೀರ್ಮಾನಿಸಬೇಕು, ನಮ್ಮ ಕಣ್ಣಲ್ಲ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಪ್ರತಿ ಗುಂಪಿನ ಐದು ಅತಿ ಎತ್ತರದ ಆಸ್ಪೆನ್ ಮರದ ಸಸಿಗಳನ್ನೇ ಅಳೆಯುವ ರೂಢಿಯಿತ್ತು. ಅದೇ ಗುಂಪುಗಳಲ್ಲಿ ಯಾದೃಚ್ಛಿಕವಾಗಿ ಆರಿಸಿದ ಸಸಿಗಳನ್ನು ಅಳೆದಾಗ ಚೇತರಿಕೆ ಅದಕ್ಕಿಂತ ಎಷ್ಟೋ ಕಡಿಮೆ ಎಂದು 2021ರಲ್ಲಿ ಪ್ರಕಟವಾದ ಹೋಲಿಕೆ ತೋರಿಸಿತು. ಆಸ್ಪೆನ್ ಅಲ್ಲಿ ಚೇತರಿಸಿಕೊಳ್ಳುತ್ತಿರುವುದು ನಿಜ. ಎಷ್ಟು ಎಂಬುದೇ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಗಿಡ ಆರಿಸುವ ಹಂತದಲ್ಲೇ ಕೆಡಬಹುದು.

ಚಳಿಗಾಲದ ಮೇವು ಮುಗಿದು ಹೊಸ ಎಲೆ ಬಿಡುವ ಮುಂಚೆ ಒಂದು ಸಲ, ಬೆಳವಣಿಗೆ ನಿಂತ ಮೇಲೆ ಇನ್ನೊಂದು ಸಲ ಅಳೆಯಬೇಕು. ಕಾಂಡದ ಎತ್ತರ, ತುದಿ ಕುಡಿ ಉಳಿದಿದೆಯೇ, ಉಳಿದಿಲ್ಲವಾದರೆ ಕಡಿದವರು ಯಾರು ಎಂದು ಬರೆದುಕೊಳ್ಳುತ್ತೇವೆ. ಜಿಂಕೆ ಜಾತಿಗೆ ಮೇಲ್ದವಡೆಯಲ್ಲಿ ಬಾಚಿಹಲ್ಲಿಲ್ಲ. ಅದು ಹಿಡಿದೆಳೆದು ಹರಿಯುವುದರಿಂದ ಕಡಿದ ತುದಿ ಸಿಬಿರು ಸಿಬಿರಾಗಿ, ಸಿಪ್ಪೆ ಜೋತುಕೊಂಡಿರುತ್ತದೆ. ಮೊಲ ಕಡಿದದ್ದು ಚಾಕುವಿನಲ್ಲಿ ಓರೆಯಾಗಿ ಕೊಯ್ದಂತೆ ನುಣುಪು. ಕಾಂಡದುದ್ದಕ್ಕೂ ವರ್ಷಕ್ಕೊಂದರಂತೆ ತುದಿಮೊಗ್ಗಿನ ಪೊರೆ ಉದುರಿದ ಉಂಗುರದ ಗುರುತು ಇರುತ್ತದೆ. ತುದಿಯಿಂದ ಕೆಳಕ್ಕೆ ಬೆರಳಾಡಿಸುತ್ತ ಎಣಿಸಿದರೆ ಗಿಡ ಯಾವ ವರ್ಷ ಎಷ್ಟೆತ್ತರವಿತ್ತು ಎಂದು ಗೊತ್ತಾಗುತ್ತದೆ. ಕುಡಿ ಕಳೆದುಕೊಂಡ ವರ್ಷ ಕಾಂಡ ಅಲ್ಲಿಗೆ ಮೊಂಡಾಗಿ, ಪಕ್ಕದ ಮೊಗ್ಗು ಸೊಟ್ಟಗೆ ಎದ್ದಿರುತ್ತದೆ. ಎಲ್ಕ್ ಎಂಬ ದೊಡ್ಡ ಜಿಂಕೆ ಇರುವಲ್ಲಿ ತುದಿ ಎರಡು, ಎರಡೂವರೆ ಮೀಟರ್ ದಾಟಿದರೆ ಬಾಯಿಗೆ ಎಟುಕುವುದಿಲ್ಲ. ಆ ಗಿಡ ಗೆದ್ದಂತೆ.

ಇನ್ನು ಬೇಲಿ. 2.4 ಮೀಟರ್ ಎತ್ತರದ ಹೆಣೆದ ತಂತಿ ಬೇಲಿ ಹಾಕಿ, ಪಕ್ಕದಲ್ಲಿ ಅಷ್ಟೇ ಜಾಗವನ್ನು ತೆರೆದು ಬಿಡುತ್ತೇವೆ. ಎರಡರಲ್ಲಿ ಯಾವುದಕ್ಕೆ ಬೇಲಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು, ಕಂಬ ನೆಡುವ ಮೊದಲೇ ಎರಡೂ ಕಡೆ ಅಳೆದಿಟ್ಟಿರಬೇಕು. ಇಲ್ಲದಿದ್ದರೆ ಚೆನ್ನಾಗಿ ಗಿಡವಿರುವ ಜಾಗಕ್ಕೇ ಬೇಲಿ ಬೀಳುತ್ತದೆ. ಅಂಚಿನ ಒಂದು ಮೀಟರ್ ಲೆಕ್ಕಕ್ಕೆ ಬೇಡ: ಅಲ್ಲಿ ಜಿಂಕೆ ಕತ್ತು ತೂರಿಸುತ್ತದೆ, ಹಿಮ ರಾಶಿಯಾಗುತ್ತದೆ, ತಂತಿಯ ಮೇಲೆ ಕೂತ ಹಕ್ಕಿಗಳು ಬೀಜ ಉದುರಿಸುತ್ತವೆ. ಗಾಳಿ ತಂದ ಹಿಮ ಬೇಲಿಯ ಬುಡದಲ್ಲಿ ಗಟ್ಟಿಯಾದರೆ ಜಿಂಕೆ ಅದನ್ನು ಹತ್ತಿ ಒಳಗೆ ಹಾರಬಲ್ಲದು. ಮೊಲದ ಪಾಲನ್ನು ಬೇರ್ಪಡಿಸಬೇಕಾದರೆ ಬುಡದವರೆಗೂ ಸಣ್ಣ ಕಣ್ಣಿನ ಜಾಲರಿ ಕಟ್ಟಿದ ಮೂರನೆಯ ಜಾಗವೂ ಬೇಕು.

ಆದರೆ ಬೇಲಿ ಹೇಳುವುದು ಮೇಯುವ ಪ್ರಾಣಿಯ ವಿಷಯ, ತೋಳದ್ದಲ್ಲ. ಒಳಗೆ ಗಿಡ ಎತ್ತರ, ಹೊರಗೆ ಗಿಡ್ಡ ಎಂದರೆ ಜಿಂಕೆ ಗಿಡವನ್ನು ಮೇದು ತಗ್ಗಿಸಿಟ್ಟಿದೆ ಎಂದಷ್ಟೇ ಅರ್ಥ. ವರ್ಷ ಕಳೆದಂತೆ ಆ ಅಂತರ ಕುಗ್ಗಬೇಕು, ಅದೂ ಹೊರಗಿನ ಗಿಡ ಮೇಲೇಳುವುದರಿಂದ ಕುಗ್ಗಬೇಕು. ತೋಳದ ಮಾತು ಅಲ್ಲಿಂದ ಆರಂಭ.

ಜಿಂಕೆಯ ಸಂಖ್ಯೆಗೆ ಹಿಕ್ಕೆ ಎಣಿಕೆ ಸಾಕಾಗುತ್ತದೆ. 1.78 ಮೀಟರ್ ತ್ರಿಜ್ಯದ ವೃತ್ತ ಎಂದರೆ ಸುಮಾರು 10 ಚದರ ಮೀಟರ್. ಅಂಥ 100 ವೃತ್ತಗಳಲ್ಲಿ ಹಳೆಯ ಹಿಕ್ಕೆಯನ್ನೆಲ್ಲ ತೆಗೆದು, 100 ದಿನ ಬಿಟ್ಟು ಹೊಸ ಗುಡ್ಡೆಗಳನ್ನು ಎಣಿಸುತ್ತೇವೆ. 26 ಗುಡ್ಡೆ ಸಿಕ್ಕಿತು, ಒಂದು ಪ್ರಾಣಿ ದಿನಕ್ಕೆ 13 ಸಲ ಹಾಕುತ್ತದೆ ಎಂದಿಟ್ಟುಕೊಂಡರೆ ಚದರ ಕಿಲೋಮೀಟರಿಗೆ 20 ಪ್ರಾಣಿ. ಆ 13 ಎಂಬುದು ಜಾತಿ, ಮೇವು, ಋತು ನೋಡಿ ಬದಲಾಗುವ ಅಂಕಿ, ಹಾಗಾಗಿ ಒಂದೇ ಋತುವಿನ ಎಣಿಕೆಗಳನ್ನು ಮಾತ್ರ ಒಂದಕ್ಕೊಂದು ಹೋಲಿಸಿ. ತೆಗೆಯದೆ ಎಣಿಸಿದರೆ ಒಣ ಜಾಗದಲ್ಲಿ ಹಳೆಯ ಹಿಕ್ಕೆ ಉಳಿದು ಜಿಂಕೆ ಹೆಚ್ಚಾಗಿ ಕಾಣುತ್ತದೆ. ಜೌಗಿನಲ್ಲಿ ಕರಗಿ ಕಡಿಮೆಯಾಗಿ ಕಾಣುತ್ತದೆ.

ತೋಳ ಏನು ತಿನ್ನುತ್ತದೆ ಎಂಬುದಕ್ಕೆ ಅದರ ಮಲದಲ್ಲಿರುವ ಕೂದಲೇ ದಾರಿ. ಕೈಗವಸು, ಮಾಸ್ಕ್ ಇಲ್ಲದೆ ಮುಟ್ಟಬಾರದು. ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮೊಟ್ಟೆ ಮನೆ ಫ್ರೀಜರಿನ ಚಳಿಗೆ ಸಾಯುವುದಿಲ್ಲ. ಮೈನಸ್ 80 ಡಿಗ್ರಿಯಲ್ಲಿ ಒಂದು ವಾರ ಇಟ್ಟ ಮೇಲೆಯೇ ತೊಳೆಯುತ್ತೇವೆ. ಕೂದಲನ್ನು ಸೂಕ್ಷ್ಮದರ್ಶಕದಡಿ ಗುರುತಿಸಿದ ಮೇಲೆ ಒಂದು ತಿದ್ದುಪಡಿ ಬೇಕು, ಏಕೆಂದರೆ ಸಣ್ಣ ಪ್ರಾಣಿಯಲ್ಲಿ ಮಾಂಸಕ್ಕೆ ಹೋಲಿಸಿದರೆ ಕೂದಲು ಹೆಚ್ಚು. ತೋಳಕ್ಕೆ ಬಳಕೆಯಲ್ಲಿರುವ ಸೂತ್ರ: ಒಂದು ಮಲಕ್ಕೆ ತಿಂದ ಕಿಲೋ = 0.439 + 0.008 × ಬಲಿಪ್ರಾಣಿಯ ತೂಕ. 50 ಕಿಲೋ ಜಿಂಕೆಯ ಕೂದಲಿರುವ 100 ಮಲ ಎಂದರೆ ಸುಮಾರು 84 ಕಿಲೋ, ಅಂದರೆ ಸುಮಾರು 1.7 ಜಿಂಕೆ. 250 ಕಿಲೋ ಎಲ್ಕ್‌ನದಾದರೆ 244 ಕಿಲೋ, ಅಂದರೆ ಒಂದು ಎಲ್ಕ್‌ಗೂ ತುಸು ಕಡಿಮೆ.

ತಿಂದುಳಿದ ತೊಡೆಮೂಳೆ ಸಿಕ್ಕರೆ ಬಿಡಬೇಡಿ. ಒಡೆದಾಗ ಮಜ್ಜೆ ಬಿಳಿಯಾಗಿ ಗಟ್ಟಿಯಿದ್ದರೆ ಸತ್ತ ಪ್ರಾಣಿಯ ಮೈಯಲ್ಲಿ ಕೊಬ್ಬು ಉಳಿದಿತ್ತು. ಕೆಂಪು ಲೋಳೆಯಂತಿದ್ದರೆ ಅದು ಹಸಿವಿನಿಂದ ಸಾಯುವ ಹಾದಿಯಲ್ಲಿತ್ತು, ತೋಳ ಕೊಲ್ಲದಿದ್ದರೂ ಉಳಿಯುವುದು ಕಷ್ಟವಿತ್ತು. ಹೇಗೂ ಸಾಯಲಿದ್ದ ಪ್ರಾಣಿಗಳನ್ನೇ ತೋಳ ಕೊಲ್ಲುತ್ತಿದ್ದರೆ ಜಿಂಕೆಯ ಒಟ್ಟು ಸಂಖ್ಯೆ ಅಷ್ಟಾಗಿ ಇಳಿಯುವುದಿಲ್ಲ. ಕೊಂದವುಗಳ ಲೆಕ್ಕ ಎಷ್ಟೇ ದೊಡ್ಡದಿರಲಿ, ಮಜ್ಜೆ ನೋಡದೆ ಅದರ ತೂಕ ತಿಳಿಯದು.

ಜಿಂಕೆ ಭಯದಿಂದ ಜಾಗ ಬಿಡುತ್ತದೆಯೇ ಎಂಬ ಪ್ರಶ್ನೆ ಬೇರೆಯದು. ಅದಕ್ಕೆ ತೋಳ ಹೆಚ್ಚು ಓಡಾಡುವ ಮತ್ತು ಕಡಿಮೆ ಓಡಾಡುವ ಕಡೆ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಅದೇ ಜಾಗಗಳ ಕುಡಿಗಳನ್ನು ಅಳೆಯಬೇಕು. ತಲೆ ಎತ್ತಿ ನಿಂತ ಜಿಂಕೆಯ ಚಿತ್ರ ಮಾತ್ರ ಸಾಕ್ಷಿಯಲ್ಲ. ಅಲ್ಲಿ ಕುಡಿಯೂ ಉಳಿದಿರಬೇಕು.

ಹೆಚ್ಚಿನವರು ಅಳೆಯದೆ ಬಿಡುವುದು ನೀರನ್ನು. ಯೆಲ್ಲೋಸ್ಟೋನ್‌ಗೆ 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟರು. ಉತ್ತರ ಭಾಗದಲ್ಲಿ ಸುಮಾರು 19,000 ಇದ್ದ ಎಲ್ಕ್ 2013ರ ಹೊತ್ತಿಗೆ 4,000ಕ್ಕಿಂತ ಕೆಳಗಿಳಿಯಿತು. ಇದರಲ್ಲಿ ಕರಡಿ, ಪೂಮಾ, ಮನುಷ್ಯರ ಬೇಟೆ, ಬರ ಎಲ್ಲದರ ಪಾಲೂ ಇದೆ. ಆದರೂ ಅನೇಕ ತೊರೆಗಳ ದಡದಲ್ಲಿ ವಿಲ್ಲೋ ಪೊದೆ ಗಿಡ್ಡವಾಗಿಯೇ ಉಳಿಯಿತು. ತೋಳವಿಲ್ಲದ ದಶಕಗಳಲ್ಲಿ ತೊರೆಗೆ ಅಡ್ಡಲಾಗಿ ಒಡ್ಡು ಕಟ್ಟುವ ಪ್ರಾಣಿಗಳಾದ ಬೀವರ್‌ಗಳೂ ಅಲ್ಲಿಂದ ಹೋಗಿದ್ದವು, ಅವುಗಳ ಒಡ್ಡುಗಳಿಲ್ಲದೆ ತೊರೆ ಆಳಕ್ಕೆ ಕೊರೆದು ಅಂತರ್ಜಲ ಬೇರಿಗೆ ಸಿಗದಷ್ಟು ಇಳಿದಿತ್ತು. 2001ರಲ್ಲಿ ಆರಂಭವಾದ ಪ್ರಯೋಗದಲ್ಲಿ ಬೇಲಿಯ ಜೊತೆ ಕೃತಕ ಒಡ್ಡನ್ನೂ ಕಟ್ಟಿದ ಕಡೆ ವಿಲ್ಲೋ ಚೆನ್ನಾಗಿ ಎದ್ದಿತು. ಬರೀ ಬೇಲಿಯಿದ್ದ ಕಡೆ ಅಷ್ಟು ಬೆಳೆಯಲಿಲ್ಲ. ಹಾಗಾಗಿ ತೊರೆ ದಡದ ಪ್ರತಿ ಜೋಡಿ ಜಾಗದಲ್ಲೂ ರಂಧ್ರ ಕೊರೆದ ಪಿವಿಸಿ ಕೊಳವೆ ಇಳಿಸಿ, ಬೆಳವಣಿಗೆಯ ಕಾಲದಲ್ಲಿ ವಾರಕ್ಕೊಮ್ಮೆ ನೀರಿನ ಮಟ್ಟ ನೋಡಲೇಬೇಕು.

ಇಷ್ಟೂ ಅಳತೆಯನ್ನು ತೋಳ ಹೆಚ್ಚುತ್ತಿರುವಾಗ ಮಾತ್ರ ಮಾಡಿ ನಿಲ್ಲಿಸಬಾರದು, ಕುಸಿಯುವಾಗ ಇನ್ನೂ ಬಿಗಿಯಾಗಿ ಮಾಡಬೇಕು. ಅಮೆರಿಕದ ಸುಪೀರಿಯರ್ ಸರೋವರದ ಐಲ್ ರಾಯಲ್ ದ್ವೀಪದಲ್ಲಿ 1958ರಿಂದ ತೋಳ ಮತ್ತು ಮೂಸ್ ಎಂಬ ಭಾರಿ ಜಿಂಕೆಗಳ ಲೆಕ್ಕ ಇಡುತ್ತಿದ್ದಾರೆ. 1980ರಲ್ಲಿ 50 ಇದ್ದ ತೋಳಗಳು ಪಾರ್ವೊ ವೈರಸ್ ಬಂದು 1982ರಲ್ಲಿ 14ಕ್ಕೆ ಇಳಿದವು. ಆ ಕುಸಿತಕ್ಕೂ ಮೂಸ್‌ನ ಮೇವಿಗೂ ಸಂಬಂಧವಿರಲಿಲ್ಲ, ಆದ್ದರಿಂದಲೇ ಅದರ ನಂತರ ಮೂಸ್ ಹೆಚ್ಚಿದ್ದರಲ್ಲಿ ತೋಳದ ಪಾಲನ್ನು ಗುರುತಿಸಲು ಸಾಧ್ಯವಾಯಿತು. ಲೆಕ್ಕದ ಪುಸ್ತಕ ಅದಕ್ಕೂ ಮೊದಲಿನಿಂದ ತೆರೆದಿದ್ದರಿಂದ ಅದು ದಾಖಲಾಯಿತು.